ತೊಳೆದು ಒಣಗಿಸಿದ್ದು

ಜುಲೈ 2, ಬುಧವಾರ

ಇವತ್ತಿನಿಂದ ನಾನು ಶಾಂತಿ ಸಮಿತಿಯ ಸದಸ್ಯೆ. ನಾಲ್ಕು ಜನರ ಎದುರು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಇಲ್ಲಿ ಬರೆದುಕೊಂಡರೆ ಯಾರಿಗೇನು ನಷ್ಟ.

ಶಾಲೆಯ ಹಾಲಿನಲ್ಲಿ ಸಭೆ ಇತ್ತು. ಹನ್ನೊಂದು ಮಂದಿಯ ಸಮಿತಿ, ಹತ್ತು ಗಂಡಸರು ಮತ್ತು ನಾನು. ನನ್ನ ಹೆಸರು ಹೇಳಿದ್ದು ಕಿಟ್ಟಣ್ಣ. ಅವರೇ ಸಂಚಾಲಕರು. "ನಮ್ಮ ವಾರ್ಡಿನ ಇನ್ನೂರ ಹತ್ತು ಮನೆಗಳ ಅಂಗಳಕ್ಕೆ ತಿಂಗಳು ತಿಂಗಳು ಕಾಲಿಡುದು ಯಾರು? ನಾನಾ? ನೀವಾ? ನಮ್ಮ ವಸುಮತಿ!" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಿಳಿ ಬ್ಯಾಡ್ಜ್ ಕೊಟ್ಟಿದ್ದಾರೆ, ಕನ್ನಡ ಮಲಯಾಳ ಎರಡರಲ್ಲೂ ಬರೆದದ್ದು. ಮನೆಗೆ ಬಂದು ಕನ್ನಡಿಯ ಮುಂದೆ ಒಮ್ಮೆ ಸಿಕ್ಕಿಸಿ ನೋಡಿದೆ. ಇವರು ಆಟೋ ತೊಳೆಯುತ್ತಿದ್ದವರು ಕಿಟಕಿಯಿಂದ ನೋಡಿ ನಕ್ಕರು.

ಕಿಟ್ಟಣ್ಣ ಹೇಳಿದ್ದು ಸುಳ್ಳಲ್ಲ. ನಾಲ್ಕು ವರ್ಷದಿಂದ ನಾನು ಹರಿತ ಕರ್ಮ ಸೇನೆಯಲ್ಲಿದ್ದೇನೆ. ಪಂಚಾಯತಿನ ಪರವಾಗಿ ಮನೆ ಮನೆಯಿಂದ ಪ್ಲಾಸ್ಟಿಕ್ ಸಂಗ್ರಹಿಸುವುದು ನಮ್ಮ ಕೆಲಸ. ನನ್ನ ಜೋಡಿ ಆಯಿಶುಮ್ಮ. ನಾವು ಹೇಳುವುದು ಎರಡೇ ಮಾತು: ತೊಳೆದು ಒಣಗಿಸಿ ಕೊಡಿ, ಸುಡಬೇಡಿ. ಸುಟ್ಟರೆ ದಂಡ. ನಾಲ್ಕು ವರ್ಷ ಬೊಬ್ಬೆ ಹೊಡೆದು ಹೊಡೆದು ಈ ಊರಿನವರಿಗೆ ಹಾಲಿನ ಕವರ್ ತೊಳೆಯುವುದನ್ನು ಕಲಿಸಿದ್ದೇವೆ.

ಸಮಿತಿ ಯಾಕೆ ಆಯಿತು ಎಂದೂ ಬರೆಯಬೇಕಲ್ಲ. ಕಳೆದ ಗುರುವಾರ ಸಂಜೆ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಘಟನೆ ಆಯಿತು. ಆಯಿಶುಮ್ಮನ ತಂಗಿಯ ಮಗ ಫಸಲ್, ಕಾಸರಗೋಡಿನ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿರುವವನು, ಜೋರು ಮಳೆಯಲ್ಲಿ ಬಸ್ಸಿಳಿದು ಬರುವಾಗ ಯಾರೋ ಹೊಟ್ಟೆಗೆ ಇರಿದಿದ್ದಾರೆ. ಮಂಗಳೂರಿನ ಆಸ್ಪತ್ರೆಯಲ್ಲಿದ್ದಾನೆ. ಅದಕ್ಕೆ ಎರಡು ವಾರ ಹಿಂದೆ ಅದೇ ಜಾಗದಲ್ಲಿ ಬಾವುಟ ಕಟ್ಟುವ ಗಲಾಟೆ ಆಗಿತ್ತು, ಅವರ ಹುಡುಗರಿಗೂ ನಮ್ಮ ಹುಡುಗರಿಗೂ. ಆದದ್ದು ಆಯಿತು, ಇನ್ನು ಮುಂದೆ ಆಗದ ಹಾಗೆ ನೋಡಿಕೊಳ್ಳುವುದು ನಮ್ಮ ಸಮಿತಿಯ ಕೆಲಸ.

ಜುಲೈ 4, ಶುಕ್ರವಾರ

ಒಂದು ಕೈಯಲ್ಲಿ ಗೋಣಿಚೀಲ, ಇನ್ನೊಂದು ಕೈಯಲ್ಲಿ ಶಾಂತಿಯ ನೋಟೀಸು. ಜನ ನೋಟೀಸನ್ನು ತೆಗೆದುಕೊಂಡು ಪ್ಲಾಸ್ಟಿಕ್ಕನ್ನು ಕೊಟ್ಟರು. ಒಬ್ಬಳು ನೋಟೀಸನ್ನೂ ಮಡಚಿ ಚೀಲಕ್ಕೇ ಹಾಕಿದಳು. ಕಾಗದ ತೆಗೆದುಕೊಳ್ಳುವುದಿಲ್ಲ, ಪ್ಲಾಸ್ಟಿಕ್ ಮಾತ್ರ ಎಂದು ವಾಪಸು ಕೊಟ್ಟೆ.

ಆಯಿಶುಮ್ಮ ಆಸ್ಪತ್ರೆಯಿಂದ ಬಂದು ಕೆಲಸಕ್ಕೆ ಸೇರಿದ್ದಾಳೆ. ಕಣ್ಣು ಬಾತಿದೆ. ಮೂರು ನಾಲ್ಕು ಕಡೆ ನಮ್ಮವರು ನನ್ನನ್ನು ಬದಿಗೆ ಕರೆದು, ಸದ್ಯಕ್ಕೆ ನೀನೊಬ್ಬಳೇ ಬಾ ಎಂದರು. ಆಚೆ ಬದಿಯಲ್ಲಿ ಅವಳಿಗೂ ಹಾಗೆಯೇ ಹೇಳಿದರಂತೆ. ಕಿಟ್ಟಣ್ಣನಿಗೆ ಫೋನ್ ಮಾಡಿದೆ. ಅವರ ಮನೆಗಳಿಗೆ ಆಯಿಶುಮ್ಮ, ನಮ್ಮ ಮನೆಗಳಿಗೆ ನೀನು, ಸ್ವಲ್ಪ ದಿನ ಹಾಗೆ ಮಾಡಿ ಎಂದರು. ನನಗೂ ಸರಿ ಅನಿಸಿತು. ಬೆಂಕಿ ಇರುವಾಗ ಹುಲ್ಲನ್ನು ದೂರ ಇಡುವುದು ಒಳ್ಳೆಯದೇ.

ಆಯಿಶುಮ್ಮ, "ಚೀಲದ ಇನ್ನೊಂದು ಕಿವಿ ಯಾರು ಹಿಡಿಯುದು ಹಾಗಾದ್ರೆ?" ಎಂದಳು. (ನಾವು ಮಾತಾಡುವುದು ತುಳುವಿನಲ್ಲಿ. ನನಗೆ ಬರೆಯಲು ಬರುವುದು ಕನ್ನಡ.)

ಜುಲೈ 7, ಸೋಮವಾರ

ಒಬ್ಬಳೇ ಚೀಲ ಎಳೆದು ಸೊಂಟ ಬಿದ್ದುಹೋಗಿದೆ.

ಕೆಲವರಿಗೆ ಎಷ್ಟು ಹೇಳಿದರೂ ಅಷ್ಟೆ. ಒಂದು ಮನೆಯಲ್ಲಿ ಮಗುವಿನ ಡೈಪರ್ ಸುತ್ತಿ ಕೊಟ್ಟರು. ಇನ್ನೊಂದರಲ್ಲಿ ಮೀನಿನ ನೀರು ಸೋರುವ ಕವರ್. ಕಿಟ್ಟಣ್ಣನ ಮನೆಯಲ್ಲಿ ಹೀಗೆಂದೂ ಆಗಿರಲಿಲ್ಲ. ಅವರ ಹೆಂಡತಿ ರಾಜೀವಿಯಕ್ಕ ಪ್ರತಿ ಕವರನ್ನು ಇಸ್ತ್ರಿ ಹಾಕಿದ ಹಾಗೆ ಮಡಚಿ ಕೊಡುವ ಹೆಂಗಸು. ಇವತ್ತು ಹಿಂಬಾಗಿಲಿನಿಂದ ಒಂದು ಕಟ್ಟು ತಂದು ನೇರ ಚೀಲದೊಳಗೆ ತುರುಕಿದರು. ಮುಖ ನೋಡಲೂ ಇಲ್ಲ. ಜ್ವರ ಎಂದರು. ಪ್ಲಾಸ್ಟಿಕ್ ಕೊಟ್ಟದ್ದು ದಾಖಲಾಗಲು ಗೇಟಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಬಂದೆ.

ಪ್ಲಾಸ್ಟಿಕ್ ವಿಂಗಡಿಸುವ ಶೆಡ್ಡಿನಲ್ಲಿ ಬಿಚ್ಚಿ ನೋಡಿದರೆ ಒಂದು ರೈನ್‌ಕೋಟು. ಪಾಚಿ ಬಣ್ಣದ್ದು, ಕೈಗೆ ಹೊಳೆಯುವ ಪಟ್ಟಿ, ಇನ್ನೂ ಹೊಸದು. ಟೊಪ್ಪಿ ಕಿತ್ತುಹೋಗಿದೆ ಎಂಬ ಒಂದೇ ಕಾರಣಕ್ಕೆ ಎಸೆದಿದ್ದಾರೆ. ಇದ್ದವರ ಮನೆಯ ಗತ್ತು! ಅದೂ ಮಡಚಿದ ಒಳಗೆಲ್ಲ ಕೆಸರು, ಬಲಗೈ ತುಂಬ ಕಪ್ಪು ಕಲೆ, ಒಣಗಿ ಚಕ್ಕೆ ಎದ್ದಿದೆ. ಹಾಗೆಯೇ ಇಟ್ಟರೆ ಪ್ಲಾಸ್ಟಿಕ್ ಒಯ್ಯುವ ಕಂಪನಿಯ ಲಾರಿಯವರು ಇಡೀ ಮೂಟೆಯನ್ನೇ ವಾಪಸು ಕಳಿಸುತ್ತಾರೆ. ಬ್ರಷ್ ಹಾಕಿ ಉಜ್ಜಿದೆ. ಹೋಗಲಿಲ್ಲ. ಸೋಪಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಇನ್ನೊಮ್ಮೆ ಉಜ್ಜಿದೆ. ಈಗ ಹಗ್ಗದಲ್ಲಿ ನೇತಾಡುತ್ತಿದೆ, ಅಂಗಡಿಯಿಂದ ತಂದ ಹಾಗೆ.

ಜುಲೈ 10, ಗುರುವಾರ

ಫಸಲ್ ತೀರಿಕೊಂಡ. ಬೆಳಿಗ್ಗೆ ಏಳೂವರೆಗಂತೆ.

ಜುಲೈ 11, ಶುಕ್ರವಾರ

ಹರತಾಳ. ಕುಂಜತ್ತೂರಿನ ಕಡೆಗೆ ಒಂದು ಬಸ್ಸೂ ಹೋಗಲಿಲ್ಲ. ಸಮಿತಿಯವರು ಬ್ಯಾಡ್ಜ್ ಹಾಕಿ ಜಂಕ್ಷನ್ನಿನಲ್ಲಿ ನಿಂತೆವು. ಕಿಟ್ಟಣ್ಣ ಎಲ್ಲರಿಗೂ ಕೈಮುಗಿದು, ಕಲ್ಲು ಹಿಡಿಯಬೇಡಿ ಮಕ್ಕಳೇ ಎಂದು ಬೇಡಿಕೊಳ್ಳುತ್ತಿದ್ದರು. ಎಷ್ಟು ಒಳ್ಳೆಯ ಮನುಷ್ಯ ಎಂದುಕೊಂಡೆ.

ಆಮೇಲೆ ಆಯಿಶುಮ್ಮನ ತಂಗಿಯ ಮನೆಗೆ ಹೋದೆ. ಮಯ್ಯತ್ತನ್ನು ಮಣ್ಣು ಮಾಡಲು ತೆಗೆದುಕೊಂಡು ಹೋಗಿ ಆಗಿತ್ತು. ಹೆಂಗಸರು ಒಳಗಿದ್ದರು. ನನಗೆ ಬಾ ಎಂದೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಬ್ಯಾಡ್ಜ್ ತೆಗೆಯಲು ಮರೆತಿದ್ದೆ. ಆಯಿಶುಮ್ಮ ಬಂದು ಅದನ್ನು ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದಳು.

ಜುಲೈ 14, ಸೋಮವಾರ

ಬರೆಯಬೇಕೋ ಬೇಡವೋ ಗೊತ್ತಾಗುತ್ತಿಲ್ಲ.

ಮಧ್ಯಾಹ್ನ ಶೆಡ್ಡಿನಲ್ಲಿ ಆಯಿಶುಮ್ಮ ಬಾಟಲಿಯ ಮುಚ್ಚಳ ಬಿಡಿಸುತ್ತಾ ಕೂತಿದ್ದಳು. ತಾನಾಗಿಯೇ ಹೇಳಿದಳು. "ಅವ ಬಿಡ್ಲಿಲ್ಲ ಅಂತೆ, ವಸು. ಇರಿದವನ ಟೊಪ್ಪಿ ಹಿಡಿದು ಎಳೆದಿದ್ದಾನೆ. ಆಸ್ಪತ್ರೆಯಲ್ಲಿ ಮುಷ್ಟಿ ಬಿಡಿಸುವಾಗ ಅದು ಕೈಯಲ್ಲೇ ಉಂಟು. ರೈನ್‌ಕೋಟಿನ ಟೊಪ್ಪಿ. ಪಚ್ಚೆ, ಪಾಚಿ ಹಿಡಿದ ಹಾಗಿನ ಪಚ್ಚೆ. ಸಫ್ನಾ ನೋಡಿದ್ದಾಳೆ." ಸಫ್ನಾ ಎಂದರೆ ಫಸಲ್‌ನ ಅಕ್ಕ, ಆಂಬ್ಯುಲೆನ್ಸಿನಲ್ಲಿ ಒಟ್ಟಿಗಿದ್ದವಳು. ಟೊಪ್ಪಿ ಈಗ ಪೊಲೀಸರ ಹತ್ತಿರ ಇದೆಯಂತೆ. ಯಾರಿಗೂ ಹೇಳಬೇಡಿ ಎಂದಿದ್ದಾರಂತೆ.

ನಾನು ಅವಳ ಎದುರು ಕೂತಿದ್ದೆ. ಅವಳ ಬೆನ್ನ ಹಿಂದೆ ಹಗ್ಗದಲ್ಲಿ ಅದು ನೇತಾಡುತ್ತಿತ್ತು. ಒಮ್ಮೆ ತಿರುಗಿದ್ದರೆ ಸಾಕಿತ್ತು. "ಚಾ ಕುಡಿದು ಬರುವ, ಬಾ," ಎಂದು ಅವಳನ್ನು ಹೊರಗೆ ಕರೆದುಕೊಂಡು ಹೋದೆ.

ಹೌದು, ನಾನೇ ಕರೆದುಕೊಂಡು ಹೋದೆ.

ಕಿಟ್ಟಣ್ಣನ ಮನೆಯಲ್ಲಿ ರೈನ್‌ಕೋಟು ಹಾಕಿ ಸ್ಕೂಟರಿನಲ್ಲಿ ಓಡಾಡುವವನು ಅವರ ಮಗ ವಿಖ್ಯಾತ್ ಒಬ್ಬನೇ.

ಜುಲೈ 15, ಮಂಗಳವಾರ

ಮಡಚಿ ಹದಿನಾಲ್ಕನೇ ನಂಬರಿನ ಚೀಲದ ಅಡಿಗೆ ಹಾಕಿದೆ. ಮೇಲೆ ಹಳೆಯ ಸ್ಕೂಲ್ ಬ್ಯಾಗುಗಳು. ಇಂಥ ಸಾಮಾನಿನ ಲಾರಿ ಬರುವುದು ತಿಂಗಳ ಕೊನೆಗೆ, ಇಪ್ಪತ್ತೊಂಬತ್ತಕ್ಕೆ. ಆ ಬಣ್ಣದ ಕೋಟು ಊರಿನಲ್ಲಿ ಇನ್ನೂ ನಾಲ್ಕು ಜನರ ಹತ್ತಿರ ಇರಬಹುದು. ಟೊಪ್ಪಿ ಕಿತ್ತುಹೋಗುವುದು ಯಾರಿಗೂ ಆಗುತ್ತದೆ.

ಜುಲೈ 19, ಶನಿವಾರ

ಸಮಿತಿಯ ಸಭೆ. ಒಂದು ಶಾಂತಿ ಪತ್ರ ಮಾಡಿದ್ದಾರೆ. ಆದದ್ದನ್ನು ಮರೆಯುತ್ತೇವೆ, ಇನ್ನು ಈ ವಿಷಯ ಎತ್ತುವುದಿಲ್ಲ, ಯಾರ ಹೆಸರನ್ನೂ ಹೇಳಿ ದೂರು ಕೊಡುವುದಿಲ್ಲ ಎಂದು. ಎರಡೂ ಕಡೆಯ ಹಿರಿಯರು ಒಪ್ಪಿದ್ದಾರೆ. ಅವರಿಗೂ ಅಂಗಡಿ ಉಂಟು, ಬಾಗಿಲು ತೆಗೆಯಬೇಕು.

ಕಿಟ್ಟಣ್ಣ ಬಡವಾಗಿದ್ದಾರೆ. ಶರಟಿನ ಕಾಲರು ಸಡಿಲವಾಗಿದೆ. ಎದ್ದು ನಿಂತು, "ಹೋದವ ವಾಪಸು ಬರುದಿಲ್ಲ. ಇನ್ನೊಂದು ಮನೆಯ ಮಗನೂ ಹೋಗುದು ಬೇಡ," ಎಂದರು. ಎಲ್ಲರೂ ತಲೆದೂಗಿದರು. ಇನ್ನೊಂದು ಮನೆ ಯಾವುದು ಎಂದು ನನಗೊಬ್ಬಳಿಗೇ ತಿಳಿಯಿತು.

ಮನೆ ಮನೆಯಿಂದ ಸಹಿ ತರಬೇಕು. ಯಾರು? ನಾನು. ಮೊದಲ ಸಹಿಯೂ ನನ್ನದೇ ಆಗಲಿ ಎಂದರು. ಮಾಡಿದೆ. ಪೆನ್ನು ಹಿಡಿದ ಬೆರಳುಗಳಲ್ಲಿ ಇನ್ನೂ ಸೋಪಿನ ವಾಸನೆ ಇದೆ ಎಂದು ಅನಿಸಿತು. ಅದು ಸಾಧ್ಯವಿಲ್ಲ, ಹನ್ನೆರಡು ದಿನ ಆಯಿತು.

ಜುಲೈ 20, ಭಾನುವಾರ

ಸಹಿಗೆ ಫಸಲ್‌ನ ಮನೆಗೂ ಹೋಗಬೇಕಾಯಿತು. ಆಯಿಶುಮ್ಮ ಜಗಲಿಯಲ್ಲಿ ತಂಗಿಗೆ ಗಂಜಿ ಕುಡಿಸುತ್ತಿದ್ದಳು. ನಾನು ಕಾಗದ ಹಿಡಿದು ಮೆಟ್ಟಿಲಲ್ಲಿ ನಿಂತೆ. ಸಫ್ನಾ ಬಂದಳು. "ಎಂತ ಬರ್ದದ್ದುಂಟು ಅಕ್ಕ ಇದರಲ್ಲಿ?"

"ಆದದ್ದು ಆಯಿತು, ಇನ್ನು ಮರೆಯುವ ಅಂತ."

"ಅದಾಗಿ ಆದದ್ದಾ ಅಕ್ಕ? ಮರ ಬಿದ್ದು ಸತ್ತನಾ ನನ್ನ ತಮ್ಮ? ಒಬ್ಬ ಮಾಡಿದ್ದಲ್ವಾ?"

ಅವಳಿಗೆ ಸಿಟ್ಟು ಸಹ ಇರಲಿಲ್ಲ, ನಿಜವಾಗಿ ಕೇಳುತ್ತಿದ್ದಳು. ಒಳಗೆ ಹೋಗಿ ಒಂದು ಕಟ್ಟು ತಂದಳು. ಆಸ್ಪತ್ರೆಯ ಪ್ಲಾಸ್ಟಿಕ್. ಗ್ಲೂಕೋಸಿನ ಬಾಟಲಿಗಳು, ಎಕ್ಸ್‌ರೇಯ ಕವರು, ಅವನ ಚಪ್ಪಲಿ ಹಾಕಿ ಕೊಟ್ಟ ಚೀಲ. ಎಲ್ಲ ತೊಳೆದು ಒಣಗಿಸಿದ್ದು. ಇಂಥ ಮನೆಯಲ್ಲಿ, ಇಂಥ ಹೊತ್ತಿನಲ್ಲಿ, ನಮ್ಮ ಮಾತು ನೆನಪಿಟ್ಟು ತೊಳೆದಿದ್ದಾರೆ. ನನಗೆ ಅಳು ತಡೆಯಲಾಗಲಿಲ್ಲ. ಆಯಿಶುಮ್ಮ ಎದ್ದು ಬಂದು ನನ್ನ ಬೆನ್ನು ಸವರಿದಳು. ಅವಳು ನನ್ನನ್ನು ಸಮಾಧಾನ ಮಾಡಿದಳು!

ಸಹಿ ಕೇಳದೆ ಬಂದೆ. ಉಳಿದ ಮನೆಗಳಿಗೂ ಹೋಗಲಿಲ್ಲ.

ಜುಲೈ 24, ಗುರುವಾರ

ಕಿಟ್ಟಣ್ಣ ಇಲ್ಲದ ಹೊತ್ತು ನೋಡಿ ರಾಜೀವಿಯಕ್ಕನ ಹತ್ತಿರ ಹೋದೆ. ಬಾವಿಕಟ್ಟೆಯ ಬಳಿ ಪಾತ್ರೆ ತೊಳೆಯುತ್ತಿದ್ದರು. ನಾನು ಏನನ್ನೂ ಕೇಳುವ ಮೊದಲೇ, "ಲಾರಿ ಯಾವಾಗ ಬರುದು?" ಎಂದರು.

"ನನಗೆ ಯಾಕೆ ಕೊಟ್ಟದ್ದು ರಾಜೀವಿಯಕ್ಕ? ಒಲೆಗೆ ಹಾಕ್ಬಹುದಿತ್ತಲ್ಲ?"

"ಸುಡಬಾರದು ಅಂತ ನೀನೇ ಹೇಳಿದ್ದಲ್ವಾ? ಹೋದ ವರ್ಷ ಒಂದು ಚಪ್ಪಲಿ ಸುಟ್ಟದ್ದಕ್ಕೆ ನೀನು ಇಡೀ ಊರಿಗೆ ಕೇಳುವ ಹಾಗೆ ಬೊಬ್ಬೆ ಹಾಕಿದ್ದಿ. ಹೊಗೆ ಬಂದ್ರೆ ಗೊತ್ತಾಗ್ತದೆ, ಪಂಚಾಯತಿನವರು ಬರ್ತಾರೆ ಅಂತ..." ಅದೇ ಪಾತ್ರೆಯನ್ನು ತಿರುಗಿಸಿ ತಿರುಗಿಸಿ ಉಜ್ಜುತ್ತಿದ್ದರು. ಆಮೇಲೆ ಹೇಳಿದರು, "ತೊಳೆಯುವ ಅಂತ ಬಾವಿಕಟ್ಟೆಗೆ ತಂದೆ. ನನ್ನಿಂದ ಮುಟ್ಲಿಕ್ಕೆ ಆಗ್ಲಿಲ್ಲ. ನಿನ್ನ ಕಣ್ಣಿಗೆ ಬೀಳ್ತದೆ ಅಂತ ಗೊತ್ತಿತ್ತಾ ಗೊತ್ತಿರ್ಲಿಲ್ವಾ, ನನಗೇ ಗೊತ್ತಿಲ್ಲ ಮಾರಾಯ್ತಿ."

"ನಾನು ತೊಳೆದೆ," ಎಂದೆ.

ನನ್ನ ಮುಖ ನೋಡಿದರು. ಅದು ಸಮಾಧಾನವೋ ಸಂಕಟವೋ ಹೇಳಲಾರೆ. ಕಂಬದ ಹಾಗೆ ನಿಂತಿದ್ದ ಹೆಂಗಸು ಕಲ್ಲಿನ ಮೇಲೆ ಕುಸಿದು ಕೂತರು. ಒಳಗಿನಿಂದ ಟಿವಿಯಲ್ಲಿ ಕ್ರಿಕೆಟ್ಟಿನ ಶಬ್ದ ಬರುತ್ತಿತ್ತು.

ಜುಲೈ 26, ಶನಿವಾರ

ಕಿಟ್ಟಣ್ಣ ಮನೆಗೆ ಬಂದಿದ್ದರು. ಕೂರಲಿಲ್ಲ. "ನಿನಗೆ ಈ ಕೆಲಸ ಕೊಡಿಸಿದ್ದು ಯಾರು, ನಿನ್ನ ಗಂಡ ಶ್ಯಾಮನ ಆಟೋದ ಸಾಲಕ್ಕೆ ಜಾಮೀನು ನಿಂತದ್ದು ಯಾರು ಅಂತ ನಾನು ಹೇಳುದಿಲ್ಲ," ಎಂದರು. ಹೇಳುವುದಿಲ್ಲ ಎನ್ನುತ್ತಲೇ ಹೇಳಿದರು. ಆಮೇಲೆ ದನಿ ತಗ್ಗಿಸಿ, "ಇಪ್ಪತ್ಮೂರು ವರ್ಷದವ, ವಸು," ಎಂದರು.

ಫಸಲ್‌ಗೆ ಇಪ್ಪತ್ತೆರಡು.

ಅವರು ಹೋದ ಮೇಲೆ ಇವರಿಗೆ ಎಲ್ಲ ಹೇಳಿದೆ. "ನೀನು ಹೇಳಿದ್ರೆ ನಮಗೆ ಊರಿಲ್ಲ," ಎಂದರು. ಹೇಳಬೇಡ ಎನ್ನಲಿಲ್ಲ.

ಜುಲೈ 28, ಸೋಮವಾರ

ನಾಳೆ ಲಾರಿ.

ಜುಲೈ 29, ಮಂಗಳವಾರ

ಲಾರಿ ಹತ್ತು ಗಂಟೆಗೆ ಬಂತು. ಚೀಲಗಳನ್ನು ಒಂದೊಂದಾಗಿ ಎತ್ತಿ ಕೊಟ್ಟೆವು. ಆಯಿಶುಮ್ಮ ಒಂದು ಕಿವಿ, ನಾನು ಒಂದು ಕಿವಿ. ಹನ್ನೆರಡು, ಹದಿಮೂರು. ಹದಿನಾಲ್ಕನ್ನು ಅವಳು ಹಿಡಿದಳು, ನಾನು ಹಿಡಿಯಲಿಲ್ಲ. "ಎಂತಾಯ್ತು?" ಎಂದಳು. ನಾನು ಚೀಲದ ಬಾಯಿ ಬಿಚ್ಚಿ, ಬ್ಯಾಗುಗಳನ್ನೆಲ್ಲ ನೆಲಕ್ಕೆ ಸುರಿದು ಅಡಿಯಿಂದ ಅದನ್ನು ತೆಗೆದೆ.

ಅವಳು ಕೋಟನ್ನು ನೋಡಿದಳು. ಕುತ್ತಿಗೆಯ ಬಳಿ ಕಿತ್ತುಹೋದ ಗುಂಡಿಗಳನ್ನು ನೋಡಿದಳು. ಬೆರಳು ಇಟ್ಟು ಮುಟ್ಟಿದಳು. ಲಾರಿಯವ ಹಾರ್ನ್ ಹೊಡೆಯುತ್ತಿದ್ದ.

"ಎಷ್ಟು ದಿನ ಆಯ್ತು?" ಎಂದು ಕೇಳಿದಳು.

"ಏಳಕ್ಕೆ ಸಿಕ್ಕಿದ್ದು. ನಿನ್ನ ಬಾಯಿಂದ ಕೇಳಿ ಗೊತ್ತಾದದ್ದು ಹದಿನಾಲ್ಕಕ್ಕೆ."

ಹೋಗಿಬಿಟ್ಟಳು. ಕೊಡೆಯನ್ನೂ ತೆಗೆದುಕೊಳ್ಳಲಿಲ್ಲ.

ಇವರ ಆಟೋದಲ್ಲಿ ಸ್ಟೇಷನ್ನಿಗೆ ಹೋದೆ. ಹೇಳಿಕೆಯನ್ನು ಮಲಯಾಳದಲ್ಲಿ ಬರೆದುಕೊಂಡು ನಿಧಾನವಾಗಿ ಓದಿ ಹೇಳಿದರು. ಯಾವ ಮನೆ, ಯಾವ ದಿನ ಎಂಬುದಕ್ಕೆ ಸ್ಕ್ಯಾನ್ ಮಾಡಿದ್ದು ಫೋನಿನಲ್ಲೇ ಇತ್ತು. ಎಸ್‌ಐ ಒಳಗಿನಿಂದ ಟೊಪ್ಪಿ ತರಿಸಿ ಪಕ್ಕದಲ್ಲಿ ಇಟ್ಟರು. ಅದರ ಮೇಲೆ ಇನ್ನೂ ಕೆಸರಿತ್ತು, ಕಲೆ ಇತ್ತು. ನನ್ನದು ಫಳಫಳ ಹೊಳೆಯುತ್ತಿತ್ತು. ಕಿತ್ತ ಜಾಗ ಮಾತ್ರ ಸರಿಯಾಗಿ ಕೂಡಿತು.

"ಯಾರು ತೊಳೆದದ್ದು?"

"ನಾನು."

"ಸೋಪು ಹಾಕಿದಿರಾ?"

"ಎರಡು ಸಲ. ಬ್ರಷ್ಷಿನಲ್ಲಿ."

ಅವರು ಪೆನ್ನು ಕೆಳಗಿಟ್ಟು ಹಣೆ ಒತ್ತಿಕೊಂಡರು. ಲ್ಯಾಬಿಗೆ ಕಳಿಸುತ್ತೇವೆ, ರಕ್ತ ಸಿಗುವ ಆಸೆ ಕಡಿಮೆ, ಕೊಲೆಯ ಕೇಸಿನಲ್ಲಿ ಇದೊಂದೇ ಸಾಲದು ಎಂದರು. ನಾನು ಯಾವ ಕೆಲಸವನ್ನೂ ಅರ್ಧ ಮಾಡಿದವಳಲ್ಲ. ಅದೇ ಈಗ ಸತ್ತ ಹುಡುಗನಿಗೆ ಮುಳುವಾಯಿತು.

ಆಗಸ್ಟ್ 3, ಭಾನುವಾರ

ವಿಖ್ಯಾತ್‌ನನ್ನು ಶುಕ್ರವಾರ ಹಿಡಿದರು. ಹಳೆಯ ಕೋಟನ್ನು ಯಾರಿಗೋ ಕೊಟ್ಟಿದ್ದೆ ಎಂದು ಹೇಳಿದ್ದಾನಂತೆ. ಜಾಮೀನಿಗೆ ದೊಡ್ಡ ವಕೀಲರು ಬರುತ್ತಾರಂತೆ. ಅಂಗಡಿಗಳು ಮತ್ತೆ ಮುಚ್ಚಿವೆ.

ಸಮಿತಿಯಿಂದ ನನ್ನನ್ನು ತೆಗೆದಿದ್ದಾರೆ, ಊರಿನ ಶಾಂತಿ ಕೆಡಿಸಿದ್ದಕ್ಕೆ. ಆಚೆ ಕಡೆಯ ಹಿರಿಯರೂ ಒಪ್ಪಿದರಂತೆ. ಎರಡೂ ಕಡೆಯವರು ಜಗಳವಿಲ್ಲದೆ ಒಪ್ಪಿದ ಮೊದಲ ವಿಷಯ ಇದೇ ಇರಬೇಕು. ಬ್ಯಾಡ್ಜ್ ಕೇಳಲು ಬಂದರು. ಎಲ್ಲಿಟ್ಟಿದ್ದೆನೋ, ಹುಡುಕಬೇಕಾಯಿತು.

ಸ್ಟ್ಯಾಂಡಿನಲ್ಲಿ ಇವರ ಆಟೋಕ್ಕೆ ಯಾರೂ ಹತ್ತುತ್ತಿಲ್ಲ. ಇವರು ಖಾಲಿ ಗಾಡಿಯಲ್ಲಿ ಕೂತು ಪೇಪರ್ ಓದಿ ಬರುತ್ತಾರೆ.

ಆಗಸ್ಟ್ 6, ಬುಧವಾರ

ಆಯಿಶುಮ್ಮನ ಕೊಡೆ ಕೊಡಲು ಹೋದೆ. ಬಾಗಿಲಲ್ಲೇ ನಿಂತು ತೆಗೆದುಕೊಂಡಳು. "ಹದಿನೈದು ದಿನ ನನ್ನೊಟ್ಟಿಗೆ ಚಾ ಕುಡಿದಿ," ಎಂದಳು. "ನನ್ನ ತಂಗಿಯ ಮನೆಗೆ ಬಂದು ಅತ್ತಿ."

ಕ್ಷಮೆ ಕೇಳುವ ಹಕ್ಕಾದರೂ ಎಲ್ಲಿದೆ.

ಆಗಸ್ಟ್ 11, ಸೋಮವಾರ

ತಿಂಗಳ ಸುತ್ತು ಇವತ್ತು ಶುರು. ಕೆಲಸದಿಂದ ಯಾರೂ ತೆಗೆದಿಲ್ಲ, ಪಂಚಾಯತಿಗೆ ಬೇರೆ ಜನ ಸಿಗುವುದಿಲ್ಲ. ಒಬ್ಬಳೇ ಹೊರಟೆ.

ಮೊದಲ ಮನೆಯ ಗೇಟಿಗೆ ಬೀಗ. ಎರಡನೆಯದಕ್ಕೂ. ಮೂರನೆಯ ಮನೆಯ ಹಿಂದಿನಿಂದ ಹೊಗೆ ಏಳುತ್ತಿತ್ತು. ವಾಸನೆಯಲ್ಲೇ ಗೊತ್ತಾಗುತ್ತದೆ ನನಗೆ: ಹಾಲಿನ ಕವರು, ಬಿಸ್ಕೆಟಿನ ಕಾಗದ. ತಿರುವಿನಲ್ಲಿ ನಿಂತು ನೋಡಿದೆ. ಮಳೆ ಬಿಟ್ಟಿತ್ತು. ಹದಿನೇಳು ಮನೆಗಳ ಅಂಗಳದಿಂದ ಹೊಗೆ, ಅವರದು ನಮ್ಮದು ಎಂದಿಲ್ಲ. ನನ್ನ ಕೈಗೆ ಕೊಡುವುದಕ್ಕಿಂತ ಸುಡುವುದು ವಾಸಿ ಎಂದು ಎಲ್ಲರಿಗೂ ತಿಳಿದಿದೆ. ನಾಲ್ಕು ವರ್ಷದ ಬೊಬ್ಬೆ ಹೊಗೆಯಾಗಿ ಹೋಯಿತು.

ಕಿಟ್ಟಣ್ಣನ ಮನೆಯಲ್ಲಿ ಹೊಗೆ ಇರಲಿಲ್ಲ. ಗೇಟಿನ ಕೊಂಡಿಯಲ್ಲಿ ಒಂದು ಚೀಲ ತೂಗುಹಾಕಿತ್ತು. ಒಳಗೆ ಕವರುಗಳು, ಒಂದರ ಮೇಲೊಂದು ಮಡಚಿದ್ದು. ರಾಜೀವಿಯಕ್ಕನ ಕೈಯದೇ. ಅದನ್ನು ಮುಟ್ಟಲು ನನ್ನಿಂದಾಗಲಿಲ್ಲ. ಎಷ್ಟು ಹೊತ್ತು ನಿಂತಿದ್ದೆನೋ.

ಹಿಂದಿನಿಂದ ಒಂದು ಕೈ ಬಂದು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿತು. ಆಯಿಶುಮ್ಮ. ನನ್ನ ಮುಖ ನೋಡಲಿಲ್ಲ. ಚೀಲ ಇಳಿಸಿ, ಪ್ರತಿ ಕವರನ್ನೂ ಬಿಡಿಸಿ, ಬೆಳಕಿಗೆ ಹಿಡಿದು ಎರಡೂ ಬದಿ ನೋಡಿ, ಆಮೇಲೆ ನನ್ನ ಗೋಣಿಗೆ ಹಾಕಿದಳು. ಎಲ್ಲ ಹಾಕಿ ಮುಗಿಸಿ ಗೋಣಿಯ ಒಂದು ಕಿವಿ ಹಿಡಿದಳು.

"ಇನ್ನು ನಾನು ನೋಡದ್ದು ಯಾವುದನ್ನೂ ನೀನು ತೊಳಿಲಿಕ್ಕಿಲ್ಲ," ಎಂದಳು.

ಆಗಲಿ ಎಂದೆ. ಮುಂದಿನ ಮನೆಗೆ ಹೋದೆವು. ಅದಕ್ಕೂ ಬೀಗ ಹಾಕಿತ್ತು.